ಪಾದದ ಪರೀಕ್ಷೆ

ತನ್ನ ತರಗತಿಯ ಒಂದು ಮಗುವನ್ನೂ ತಯಾರಿಯಿಲ್ಲದೆ ಪರೀಕ್ಷೆಗೆ ಕೂರಿಸಿದವಳಲ್ಲ ಈ ಟೀಚರು. ಹಾಗಿರುವಾಗ ಸ್ವಂತ ಮಗಳನ್ನು ಸುಮ್ಮನೆ ಕಳಿಸುತ್ತಾಳೆಯೇ?

ಮಗಳಿಗೆ ಆರು ವರ್ಷ. ನಿಂತಲ್ಲಿ ನಿಲ್ಲದ ಹುಡುಗಿಗೆ ಮಿಡತೆ ಎಂದು ಹೆಸರಿಟ್ಟವರು ಅಜ್ಜಿ, ಟೀಚರ ಅತ್ತೆ. ಮಿಡತೆಯ ಸೊಂಟದ ಕೆಳಗೆ ಹುಟ್ಟಿದಾಗಿನಿಂದ ಒಂದು ಸಣ್ಣ ಕುಳಿ, ಅದರ ಸುತ್ತ ಕೂದಲ ಕುಚ್ಚು. "ಅದೃಷ್ಟದ ಗುರುತು ಕಣೇ," ಎನ್ನುತ್ತಿದ್ದರು ಅಜ್ಜಿ. ಕೆಮ್ಮಿಗೆಂದು ಹೋದಾಗ ಮಕ್ಕಳ ಡಾಕ್ಟರು ಅದನ್ನು ಕಂಡು ಸ್ಕ್ಯಾನ್ ಮಾಡಿಸಿದ ಮೇಲೆ ಆ ಮಾತು ನಿಂತಿತು. ಬೆನ್ನುಹುರಿಯ ತುದಿ ಸರಾಗವಾಗಿ ತೂಗಾಡುವ ಬದಲು ಕೆಳಗೆ ಅಂಟಿಕೊಂಡಿತ್ತು.

"ಮಗು ಉದ್ದ ಆದ ಹಾಗೆ ಅದು ಜಗ್ಗುತ್ತೆ," ಎಂದು ಶಸ್ತ್ರವೈದ್ಯರು ತಿಳಿಹೇಳಿದ್ದರು. "ಸದ್ಯ ಕಾಲು ಚೆನ್ನಾಗಿದೆ, ಕಾದು ನೋಡೋಣ. ಸ್ಪರ್ಶ ಕಮ್ಮಿ ಆದ್ರೆ ಮಾತ್ರ ತಡ ಮಾಡೋ ಹಾಗಿಲ್ಲ, ಆಪರೇಷನ್ ಮಾಡಿ ಬಿಡಿಸಲೇಬೇಕು. ಹೋದದ್ದು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ."

ಬಿಡಿಸುವುದು ಎಂಬ ಆ ಸಾದಾ ಮಾತು ತಾಯಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಕಗ್ಗಂಟು ಬಿಡಿಸುವಾಗಲೂ ಎಳೆ ಹರಿಯುತ್ತದಲ್ಲ.

ಹೋದ ತಿಂಗಳು ಮಿಡತೆ ಅಂಗಡಿಯಿಂದ ಒಂದೇ ಚಪ್ಪಲಿಯಲ್ಲಿ ಬಂದಳು. ಎಡಗಾಲಿನದು ಎಲ್ಲಿ ಕಳಚಿತೋ ಅವಳಿಗೇ ತಿಳಿದಿರಲಿಲ್ಲ.

"ಚಪ್ಪಲಿ ದೊಡ್ಡದು," ಎಂದರು ಅಜ್ಜಿ. "ಕಡ್ಡೀನ ಗುಡ್ಡ ಮಾಡ್ಬೇಡ."

ಅಂದೇ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಮುಟ್ಟಿದ್ದು ಯಾವ ಕಾಲೆಂದು ಮಗುವಿನಿಂದ ಹೇಳಿಸುತ್ತಿದ್ದ ಶಸ್ತ್ರವೈದ್ಯರ ಪರೀಕ್ಷೆಯ ಕ್ರಮ ತಾಯಿಗೆ ನೆನಪಿತ್ತು: ಕಣ್ಣು ಮುಚ್ಚಿಸಿ, ಹತ್ತಿಯಿಂದ ಬಲಗಾಲು, ಎಡಗಾಲು, ಎರಡು ಸಲ ಬಲ, ಮತ್ತೆ ಎಡ. ಮೊದಮೊದಲು ಎಡಗಾಲು ಮುಟ್ಟಿದರೂ ಮಿಡತೆ ಸುಮ್ಮನಿರುತ್ತಿದ್ದಳು. "ಗಮನ ಎಲ್ಲಿದೆ?" ಎಂದು ಗದರಿ ತಾಯಿ ಮತ್ತೆ ಮೊದಲಿನಿಂದ ಮುಟ್ಟುತ್ತಿದ್ದಳು. ಕ್ರಮೇಣ ಒಂದೂ ತಪ್ಪದಾಯಿತು. ಗಮನದ ಕೊರತೆಯಷ್ಟೇ ಎಂದುಕೊಂಡು ಅವಳು ಸಮಾಧಾನಪಟ್ಟಳು.

ಈಗ ಆಸ್ಪತ್ರೆಯ ಎತ್ತರದ ಮಂಚದ ಮೇಲೆ ಕಣ್ಣು ಮುಚ್ಚಿ ಕೂತ ಮಿಡತೆ ಪಟಪಟನೆ ಹೇಳುತ್ತಿದ್ದಳು. "ಬಲ. ಎಡ. ಬಲ. ಬಲ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಏನೋ ಕೇಳಿದಳು. ಶಸ್ತ್ರವೈದ್ಯರು ಅತ್ತ ತಿರುಗಿದರು. ಹತ್ತಿ ಹಿಡಿದ ಅವರ ಕೈ ಗಾಳಿಯಲ್ಲೇ ನಿಂತಿತ್ತು.

"ಎಡ," ಎಂದಳು ಮಿಡತೆ.

ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ತಾಯಿಯ ಕಣ್ಣು ಮಾತ್ರ ಪಾದ ಮುಟ್ಟದ ಆ ಹತ್ತಿಯ ಮೇಲೇ ಇತ್ತು.

"ಎಲ್ಲಾ ಸರಿಯಾಗಿದೆ," ಡಾಕ್ಟರು ಹತ್ತಿಯನ್ನು ಬುಟ್ಟಿಗೆ ಹಾಕಿದರು. "ಇನ್ನಾರು ತಿಂಗಳು ಬಿಟ್ಟು ನೋಡೋಣ."

ಇದೇ ಮಾತು ಕೇಳಲೆಂದು ಅವಳು ಹಗಲಿರುಳು ಹಂಬಲಿಸಿದ್ದಳು. ಜೊತೆಗೆ ಬಂದಿದ್ದ ಅಜ್ಜಿ ಆಗಲೇ ಚೀಲ ಹೆಗಲಿಗೇರಿಸಿದ್ದರು. ಎದ್ದು ಹೊರಟುಬಿಟ್ಟರೆ ಕತ್ತಿ ಇಲ್ಲ, ಹೊಲಿಗೆ ಇಲ್ಲ.

"ಡಾಕ್ಟ್ರೇ, ನಾನು ಇವಳಿಗೆ ಪಾಠ ಮಾಡಿಬಿಟ್ಟಿದೀನಿ."

"ಯಾವ ಪಾಠ?"

"ನಿಮ್ಮ ಪರೀಕ್ಷೇದು. ಇದೇ ಕ್ರಮದಲ್ಲಿ ಬಾಯಿಪಾಠ ಆಗಿದೆ. ನೀವು ಮುಟ್ಟದೇ ಇದ್ದಾಗಲೂ ಎಡ ಅಂದ್ಲು."

"ಏನಾಗಿದೆಯೇ ನಿನಗೆ?" ಅಜ್ಜಿ ತಿರುಗಿ ನಿಂತರು. "ಪಾಸಾದ ಮಗೂನ ನೀನೇ ಫೇಲ್ ಮಾಡಿಸ್ತೀಯಲ್ಲ."

ಡಾಕ್ಟರು ಹೊಸ ಹತ್ತಿ ತೆಗೆದುಕೊಂಡರು. ಈ ಸಲ ಅವರ ಕೈಗೆ ಲಯವಿರಲಿಲ್ಲ. ಎಡಪಾದದ ಅಂಚನ್ನು ಮುಟ್ಟಿದರು, ಮಿಡತೆ ಮೌನ. ಕಿರುಬೆರಳು ಮುಟ್ಟಿದರು; ಮೌನ. ಕೈ ಹಿಂದೆಗೆದು ಕಾದರು.

"ಎಡ," ಎಂದಳು ಅನುಮಾನದಿಂದ. ಆಮೇಲೆ ಕಣ್ಣು ತೆರೆದು ತಾಯಿಯ ಮುಖ ನೋಡಿದಳು. "ಅಮ್ಮಾ, ಇವರು ನೀನು ಹೇಳಿಕೊಡದೇ ಇರೋದು ಕೇಳಿದ್ರು."

"ಹೌದು ಮಗಳೇ. ಇದರಲ್ಲಿ ಮಾರ್ಕ್ಸ್ ಇಲ್ಲ." ತಾಯಿ ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹಿಡಿದದ್ದು ಮಗುವಿಗೆ ಎಷ್ಟು ತಿಳಿಯಿತೋ.

ಡಾಕ್ಟರು ಗೋಡೆಯ ಕ್ಯಾಲೆಂಡರ್ ನೋಡಿದರು. "ಮುಂದಿನ ಗುರುವಾರ ಆಪರೇಷನ್ ಇಟ್ಕೊಳ್ಳೋಣ."

"ಅದಕ್ಕಿಂತ ಮುಂಚೆ ಆಗಲ್ವಾ?" ಎಂದಳು ತಾಯಿ.