ಒಂದನೇ ನಂಬರಿನ ಸರಳು

ನೆಲದೊಳಗಿನ ಚಿತ್ರ ತೆಗೆಯುವ ಅವಳಿಗೆ ಹೊಲಿಗೆ ಕಾರ್ಖಾನೆಯ ಹೆಂಗಸರು ಇಟ್ಟ ಹೆಸರು ಕರೆಂಟಮ್ಮ. ಕೆಲಸವೂ ಹಾಗೇ ಇತ್ತೆನ್ನಿ. ನಲವತ್ತೆಂಟು ಕಬ್ಬಿಣದ ಸರಳುಗಳನ್ನು ಸಾಲಾಗಿ ನೆಟ್ಟು, ಬುಡಕ್ಕೆ ಉಪ್ಪುನೀರು ಸುರಿದು, ಎಲ್ಲವನ್ನೂ ಒಂದರಿಂದ ನಲವತ್ತೆಂಟರವರೆಗೆ ನಂಬರು ಹಾಕಿದ ಒಂದೇ ಕೇಬಲ್ಲಿಗೆ ಸಿಕ್ಕಿಸಿ ನೆಲಕ್ಕೆ ಕರೆಂಟು ಬಿಡುವುದು. ಅದು ಎಲ್ಲಿ ಸಲೀಸಾಗಿ ಹರಿಯಿತು, ಎಲ್ಲಿ ಮುಷ್ಕರ ಹೂಡಿತು ಎಂದು ಅಳೆಯುವುದು. ಕಬ್ಬಿಣ, ಒದ್ದೆ ಮಣ್ಣು ಇದ್ದಲ್ಲಿ ಚಿತ್ರ ನೀಲಿ. ಪೊಳ್ಳು ಇದ್ದಲ್ಲಿ ಕೆಂಪು.

ಆ ಕಾರ್ಖಾನೆಯ ಮೇಲ್ವಿಚಾರಕಿ ಅವಳ ಒಡಹುಟ್ಟಿದ ಅಕ್ಕ. ಉದ್ದನೆಯ ಕಟ್ಟಡ, ಗೇಟಿನ ಕಡೆ ಒಂದು ದೊಡ್ಡ ಕೋಣೆ, ಹಿಂದೆ ಇನ್ನೊಂದು. ನಡುವಿನ ನೆಲ ಬಿರುಕು ಬಿಟ್ಟಿದ್ದಕ್ಕೆ ಮಾಲೀಕ ಅವಳನ್ನು ಕರೆಸಿದ್ದ. ಗೋಡೆಯುದ್ದಕ್ಕೂ ಸರಳು ನೆಟ್ಟು ಅಳೆದಳು. ಗೇಟಿನ ಕಡೆ, ಎರಡಾಳು ಆಳದಲ್ಲಿ, ಲಾರಿ ಹಿಡಿಸುವಷ್ಟು ದೊಡ್ಡ ಕೆಂಪು ಕಲೆ. ಅಡ್ಡಗೋಡೆಯ ಮೇಲೆ ದೀಪ ಇಡುವವಳಲ್ಲ ಅವಳು. "ಈ ಕೋಣೆಗೆ ಯಾರೂ ಕಾಲಿಡಬೇಡಿ. ಹಿಂದಿನದು ಗಟ್ಟಿ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಸಂಜೆಯೊಳಗೆ ಮೂವತ್ತು ಮಷಿನು ಹಿಂದಕ್ಕೆ ಹೋದವು. ಗೇಟಿನ ಕಡೆ ಹಗ್ಗ ಕಟ್ಟಿದರು, ಹೆಂಗಸರಿಗೆ ಹಿಂಬಾಗಿಲು ತೆರೆದರು. ಅಕ್ಕನ ಮೇಜನ್ನು ಹಿಂಬಾಗಿಲ ಪಕ್ಕಕ್ಕೆ ಎಳೆಯುವಾಗ ಅವಳೂ ಒಂದು ಕೈ ಹಾಕಿದಳು.

ಮರುದಿನ ಹನ್ನೊಂದು ಗಂಟೆಗೆ ಆಫೀಸಿನಲ್ಲಿ ವರದಿ ಬರೆಯುತ್ತ ಕೂತವಳ ಕಣ್ಣು ಚಿತ್ರದ ಇನ್ನೊಂದು ತುದಿಯ ಪುಟ್ಟ ನೀಲಿ ಚುಕ್ಕೆಯ ಮೇಲೆ ನಿಂತಿತು. ನೀರಿನ ಪೈಪು. ಆದರೆ ಪೈಪು ಇದ್ದದ್ದು ಗೇಟಿನ ಬಳಿ. ಅಲ್ಲಿಯ ನಲ್ಲಿಯಿಂದಲೇ ಅವಳು ಬಕೆಟ್ಟು ತುಂಬಿಸಿದ್ದಳಲ್ಲ! ಅದು ಹಿತ್ತಿಲ ಕಡೆಗೆ ಹೇಗೆ ಹೋಯಿತು?

ನಿನ್ನೆ ಬಿಚ್ಚಿದ ಕೇಬಲ್ ನೆನಪಾಯಿತು. ಕೇಬಲ್ ಸುತ್ತುವಾಗ ಒಂದನೇ ನಂಬರು ಹೊರಗೆ ಉಳಿಯಬೇಕು, ಮುಂದಿನ ಸಲ ಬಿಚ್ಚುವಾಗ ಅದೇ ಮೊದಲು ಬರಬೇಕು, ಇದು ಪದ್ಧತಿ. ಕಳೆದ ವಾರ ಬೇರೆ ಕಡೆ ಕೆಲಸ ಮುಗಿಸುವಾಗ, "ಊಟಕ್ಕೆ ಬಾರೇ, ಆರಿ ಹೋಗ್ತಿದೆ" ಎಂದು ಅಕ್ಕ ಫೋನಿನಲ್ಲಿ ಗದರಿದಳೆಂದು ಕೈಗೆ ಸಿಕ್ಕ ತುದಿಯಿಂದ ಸುತ್ತಿ ಓಡಿದ್ದಳು. ಅಂದರೆ ನಿನ್ನೆ ಗೇಟಿನಿಂದ ಕೇಬಲ್ ಬಿಚ್ಚುತ್ತ ಹೋದಾಗ ಅಲ್ಲಿಯ ಸರಳು ಒಂದನೆಯದಲ್ಲ, ನಲವತ್ತೆಂಟನೆಯದು. ಚಿತ್ರವೆಲ್ಲ ಹಿಂದುಮುಂದು! ನಂಬರು ನೋಡಲು ಒಂದು ಸಲ ಬಗ್ಗಿದ್ದರೆ ಸಾಕಿತ್ತು. ಹನ್ನೆರಡು ವರ್ಷದ ಅನುಭವ ನೋಡಿ, ಸೊಂಟ ಬಗ್ಗಲಿಲ್ಲ.

ಅಕ್ಕನಿಗೆ ಫೋನು ಮಾಡಿದಳು. ಮಷಿನುಗಳ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಎರಡು ಬೀದಿ ಓಡಿದಳು. ಗೇಟಿನ ಕಡೆಯ ಹಗ್ಗ ದಾಟಿ, ತಾನೇ ಮುಚ್ಚಿಸಿದ್ದ ಬಾಗಿಲು ತಳ್ಳಿ ಖಾಲಿ ಕೋಣೆಗೆ ನುಗ್ಗಿದಳು. ನಡುವಿನ ತೆರೆದ ಬಾಗಿಲಿನಿಂದ ಹಿಂದಿನ ಕೋಣೆ ಕಾಣುತ್ತಿತ್ತು.

"ಅಯ್ಯಯ್ಯೋ, ಕರೆಂಟಮ್ಮ ಅಲ್ಲಿಂದ ಯಾಕೆ ಬರ್ತಿದ್ದಾರೆ!" ಎಂದು ಯಾರೋ ಕಿರುಚಿದರು.

"ಮಷಿನ್ ನಿಲ್ಲಿಸಿ. ಎಲ್ಲರೂ ಈ ಕಡೆ ಬನ್ನಿ. ಹಿಂಬಾಗಿಲ ಕಡೆ ಹೋಗಬೇಡಿ, ಓಡಬೇಡಿ. ಪೊಳ್ಳು ಇರೋದು ನಿಮ್ಮ ಕೆಳಗೆ. ತಪ್ಪು ನಂದೇ."

ಮಷಿನುಗಳು ನಿಂತವು, ಜನ ಅಲ್ಲಾಡಲಿಲ್ಲ. ಗುಂಡಿ ಹೊಲಿಯುವ ಅಜ್ಜಿ ಎದ್ದು ನಿಂತಳು. "ನಿನ್ನೆ ಆ ಕಡೆ ಸಾವು ಅಂದ್ರಿ, ಇವತ್ತು ಈ ಕಡೆನಾ? ನಮ್ಮನ್ನೇನು ಆಟದ ಕಾಯಿ ಅಂದ್ಕೊಂಡ್ರಾ?"

ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿತ್ತು? ಕರೆಂಟಮ್ಮನ ಬಳಿಯಾದರೂ ಏನಿತ್ತು, ಒಂದು ನೀಲಿ ಚುಕ್ಕೆ. ಅದು ಪೈಪೇ ಅಲ್ಲದಿದ್ದರೆ? ಮೂವತ್ತು ಜನರನ್ನು ನಿಜವಾದ ಪೊಳ್ಳಿನ ಮೇಲಕ್ಕೇ ಕರೆಯುತ್ತಿದ್ದರೆ? ಬೇರೆ ದಾರಿ ತೋಚದೆ ಗೇಟಿನ ಕೋಣೆಯ ನಟ್ಟನಡುವೆ ನಿಂತು, ಎರಡೂ ಕಾಲೆತ್ತಿ ಧೊಪ್ಪನೆ ಹಾರಿದಳು. ಮತ್ತೆ ಹಾರಿದಳು. ಇನ್ನೊಮ್ಮೆ. ಧೂಳೆದ್ದಿತು, ನೆಲ ಜಗ್ಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದುದು ಅವಳಿಗೆ ಗೊತ್ತೇ ಆಗಲಿಲ್ಲ.

ಅಕ್ಕ ತಂಗಿಯ ಮುಖವನ್ನೇ ನೋಡುತ್ತಿದ್ದಳು. "ಇವಳು ಮೂರು ವರ್ಷದವಳಿದ್ದಾಗ ಹೀಗೆ ಅತ್ತಿದ್ದು ನೋಡಿದ್ದೆ, ಆಮೇಲೆ ಇವತ್ತೇ" ಎಂದಳು. "ಹೊರಡ್ರೇ. ಒಬ್ಬೊಬ್ಬರಾಗಿ, ಮೆತ್ತಗೆ."

ಹೊರಟರು. ಒಬ್ಬಳು ದಾಟಿದ ಮೇಲೆ ಇನ್ನೊಬ್ಬಳು, ಮಲಗಿದ ಮಗುವನ್ನು ಎಬ್ಬಿಸಬಾರದೆನ್ನುವ ಹಾಗೆ ಹೆಜ್ಜೆಯಿಡುತ್ತ. ಕೊನೆಗೆ ಅಕ್ಕ ಒಬ್ಬಳೇ ಉಳಿದಳು. ಆಗ ಅವಳು ಮೇಜಿನ ಕಡೆ ತಿರುಗಬೇಕೇ!

"ನನ್ನ ಕನ್ನಡಕ ಕಣೇ..."

"ಕನ್ನಡಕ ಹಾಳಾಗಿ ಹೋಗ್ಲಿ! ಬಾ ಅಕ್ಕ!"

ಹುಟ್ಟಿದಾಗಿನಿಂದ ಅಕ್ಕನಿಗೆ ಎದುರು ಮಾತಾಡದವಳು ಗಂಟಲು ಹರಿಯುವಂತೆ ಕೂಗಿದ್ದಳು. ಬೆಚ್ಚಿದ ಅಕ್ಕ ಹೊರಟು ಬಂದಳು. ಹತ್ತು ಹೆಜ್ಜೆ ಇಟ್ಟಿರಬಹುದು. ಹಿಂದೆ ಮೂಟೆ ಇಳಿಸಿದಂಥ ಸದ್ದಾಯಿತು. ಮೇಜು ವಾಲಿತು, ಕುರ್ಚಿ ವಾಲಿತು, ನೆಲದ ಜೊತೆಗೇ ಕೆಳಗೆ ಹೋದವು. ಹಿಂಬಾಗಿಲ ಹೊಸ್ತಿಲು ಗಾಳಿಯಲ್ಲಿ ನೇತಾಡುತ್ತಿತ್ತು.

ಅಂಗಳಕ್ಕೆ ಬಂದ ಮೇಲೂ ಅಕ್ಕ ಅವಳ ಮಣಿಕಟ್ಟು ಬಿಟ್ಟಿರಲಿಲ್ಲ. "ಆ ಮೇಜನ್ನು ಅಲ್ಲಿ ಹಾಕಿಸಿದವಳು ನೀನು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೂಂ ಅಕ್ಕ."

"ಈಗ ಹೇಳು. ಇವರನ್ನೆಲ್ಲ ಎಲ್ಲಿ ನಿಲ್ಲಿಸ್ಲಿ? ಇಲ್ಲಿ ಗಟ್ಟಿನಾ?"

ಮೂವತ್ತು ಮುಖಗಳು ಅವಳತ್ತ ತಿರುಗಿದವು. ನಿನ್ನೆಯಾಗಿದ್ದರೆ ಕೇಳುವ ಮೊದಲೇ ಉತ್ತರ ಸಿದ್ಧವಿರುತ್ತಿತ್ತು. ಅವಳು ತನ್ನ ಬರಿಗಾಲಿನ ಕೆಳಗಿನ ಮಣ್ಣು ನೋಡಿದಳು.

"ಗೊತ್ತಿಲ್ಲ ಅಕ್ಕ. ಇಲ್ಲಿ ನಾನು ಸರಳು ನೆಟ್ಟೇ ಇಲ್ಲ."

ಮೊದಲು ಗುಂಡಿ ಹೊಲಿಯುವ ಅಜ್ಜಿ ಗೇಟು ದಾಟಿ ರಸ್ತೆಗೆ ಹೋದಳು. ಉಳಿದವರು ಅವಳ ಹಿಂದೆ ನಡೆದರು.