ಆರು ನಿಮಿಷದ ಗೋಡೆ

ಗುಡಿಯ ಒಳಗೋಡೆಯ ಮೇಲೆ ಕೆಂಪು ಗಾರೆ ಕೆತ್ತಿ ಬಿಡಿಸಿದ ಹಳೆಯ ಕಾವಿ ಚಿತ್ರಕ್ಕೆ ಅಂದು ಹನ್ನೊಂದು ಗಂಟೆಯವರೆಗೆ ಮಾತ್ರ ಆಯುಸ್ಸು. ಆಮೇಲೆ ಅದರ ಮೇಲೆ ಟೈಲ್ಸು. ಶಿರಸಿಯಿಂದ ಫಿಲ್ಮ್ ಕ್ಯಾಮೆರಾ ಹೊತ್ತು ಸಿದ್ದಾಪುರದ ಈ ಒಳಹಳ್ಳಿಗೆ ಬಂದಿದ್ದ ರೋಹಿಣಿಯ ರೋಲಿನಲ್ಲಿ ಉಳಿದಿದ್ದು ಒಂದೇ ಫ್ರೇಮು. ಫೋನಿನಲ್ಲೂ ಹೊಡೆದು ನೋಡಿದ್ದಳು. ಆ ಕತ್ತಲಲ್ಲಿ ಗೋಡೆಯ ಕೆತ್ತಿದ ಗೆರೆಗಳನ್ನೆಲ್ಲ ಅದು ಬೆಣ್ಣೆ ಸವರಿದಂತೆ ನುಣ್ಣಗೆ ಮಾಡಿಬಿಟ್ಟಿತ್ತು.

ಬೆಳಕು ಅಳೆಯುವ ಮೀಟರು ಒಂದು ನಿಮಿಷ ಸಾಕೆಂದಿತು. ಅವಳು ಲೆನ್ಸಿನ ಮುಚ್ಚಳ ತೆಗೆದು, "ಆರು ನಿಮಿಷ ಯಾರೂ ಮುಟ್ಟಬೇಡಿ" ಎಂದಳು.

"ಮೀಟರು ಒಂದೇ ಹೇಳ್ತಲ್ಲೇ ತಂಗಿ?" ಗುಡಿ ಕಮಿಟಿಯ ಅಧ್ಯಕ್ಷ ವಿಘ್ನೇಶ್ವರ ಹೆಗಡೇರು ಇಣುಕಿದರು.

"ಮಂದ ಬೆಳಕಿಗೆ ಫಿಲ್ಮು ಸೋಮಾರಿ, ಹೆಗಡೇರೇ. ಒಣ ನೆಲಕ್ಕೆ ಹನಿ ಹನಿ ನೀರು ಬಿಟ್ಟಂಗೆ. ಮುಕ್ಕಾಲು ಇಂಗಿಯೇ ಹೋಗ್ತದೆ."

"ಎಂತ ಮಾರಾಯ್ತಿ, ಅಲ್ಲಿ ಗಾರೆಯ ಕೆರಿಯ ಸಿಮೆಂಟು ಕಲಸಿ ಕೂತಿದ್ದಾನೆ!"

ಎರಡು ನಿಮಿಷವಾಗುತ್ತಿದ್ದಂತೆ ಹೆಗಡೇರು ಹಾಲಿನ ಪಾತ್ರೆ ಮುಚ್ಚುವಷ್ಟು ನಯವಾಗಿ ಮುಚ್ಚಳ ಹಾಕಿಬಿಟ್ಟರು. "ಡಬಲ್ ಕೊಟ್ಟಿದ್ದೇನೆ. ಸಾಕು."

ರೋಹಿಣಿಯ ಕಿವಿ ಕೆಂಡವಾಯಿತು. "ಕೈ ತೆಗೀರಿ! ನಿಮ್ಮನೇಲಿ ಅಕ್ಕಿ ಅರ್ಧ ಬೆಂದಾಗ ಇಳಿಸಿ ಬಡಿಸ್ತೀರಾ?" ಕ್ಯಾಮೆರಾ ಅಲುಗಿರಲಿಲ್ಲ, ಪುಣ್ಯ. ಉಸಿರು ಹಿಡಿದು ಮುಚ್ಚಳ ತೆಗೆದು, ಉಳಿದ ನಾಲ್ಕು ನಿಮಿಷ ಎಣಿಸುತ್ತ, ಹೆಗಡೇರ ಕೈ ಕ್ಯಾಮೆರಾಕ್ಕೆ ತಾಗದಂತೆ ಪಕ್ಕದಲ್ಲಿ ಅಡ್ಡ ನಿಂತಳು.

"ಯಾರ ಗುಡಿಯೇ ಇದು?" ಹೆಗಡೇರು ಸಿಟ್ಟಿನಲ್ಲಿ ಗೋಡೆಯ ಮುಂದೆ ಎರಡು ಸಲ ಹಾಯ್ದರು.

"ಗುಡಿ ನಿಮ್ಮದೇ. ಇದನ್ನ ಕೆತ್ತಿದವರು ತಿಂಗಳುಗಟ್ಟಲೆ ಕೂತಿದ್ರು. ನಾಲ್ಕು ನಿಮಿಷ ಕೊಡೋಕೆ ನಿಮ್ಮ ಗಂಟೇನು ಹೋಗ್ತದೆ?"

ಬಾಗಿಲಲ್ಲಿ ಕರಣಿ ಹಿಡಿದಿದ್ದ ಕೆರಿಯ ಮೆಲ್ಲಗೆ, "ಸಿಮೆಂಟು ಇನ್ನೊಂದು ತಾಸು ತಡೀತದೆ ಹೆಗಡೇರೇ" ಎಂದ.

"ನೀ ಬಾಯ್ಮುಚ್ಚು!"

ಸಂಜೆ ಶಿರಸಿಯಲ್ಲಿ ಫಿಲ್ಮು ತೊಳೆದಳು. ಗೋಡೆಯ ಚಿತ್ರದಲ್ಲಿದ್ದ ಓಡುವ ಹಂದಿ, ಬೆನ್ನಟ್ಟಿದ ನಾಯಿ, ಅದರ ಬಾಲದ ಒಂದೊಂದು ಗೆರೆಯೂ ಬಂದಿತ್ತು. ಹೆಗಡೇರು ಮಾತ್ರ ಎಲ್ಲೂ ಇರಲಿಲ್ಲ. ಆರು ನಿಮಿಷದಲ್ಲಿ ಎರಡು ಕ್ಷಣ ಹಾಯ್ದುಹೋದ ಅವರನ್ನು ಸೋಮಾರಿ ಫಿಲ್ಮು ಲೆಕ್ಕಕ್ಕೇ ತಗೊಂಡಿರಲಿಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಅಷ್ಟು ಹೊತ್ತಿಗೆ ಗೋಡೆ ಮುಚ್ಚಿಹೋಗಿತ್ತು.

ವಾರ ಬಿಟ್ಟು ಹೆಗಡೇರ ಫೋನು. "ಆ ಫೋಟೋ ದೊಡ್ಡದು ಮಾಡಿ ಕಳಿಸು ತಂಗಿ. ಅದೇ ಗೋಡೆಗೆ ಹಾಕುವ. ಕೆಳಗೆ 'ಕಲೆ ಉಳಿಸಿದ ಕಮಿಟಿ' ಅಂತ ನಮ್ಮ ಹೆಸರು."

"ಟೈಲ್ಸಿನ ಮೇಲಾ?"

"ಹೌದು ಮತ್ತೆ."

"ಕೊಡೋದಿಲ್ಲ" ಎಂದು ರೋಹಿಣಿ ಫೋನು ಕುಕ್ಕಿದಳು.