ಕೊನೆಯ ಮನೆಯ ತೇಪೆ

ಹಳೇ ಪೇಟೆಯಲ್ಲಿ ನಿಧಿ ಹುಡುಕುವ ಆಟ ಆಡಿಸುವವನಿಗೆ ಜನ ಇಟ್ಟ ಹೆಸರು ಕೆಂಪುಟೋಪಿ. ಊರು ನೋಡಲು ಬಂದವರನ್ನು ತಂಡ ಕಟ್ಟಿ, ಕೈಗೊಂದು ಸುಳಿವಿನ ಚೀಟಿ ಕೊಟ್ಟು, ಗಲ್ಲಿಗಲ್ಲಿ ಅಲೆಸಿ ಊರಿನ ಹಳೇ ಕಥೆ ತೋರಿಸುವುದು ಅವನ ಕಸುಬು. ಒಂದೊಂದು ಆಟಕ್ಕೆ ಒಂದೊಂದು ವಿಷಯ: ಬಾವಿಗಳ ಹಾದಿ, ಗಡಿಯಾರಗಳ ಹಾದಿ, ಬೀಗ ಮಾಡುವವರ ಹಾದಿ. ಮಾತು ಮಾತ್ರ, ಅಬ್ಬಬ್ಬಾ, ಅರಳು ಹುರಿದ ಹಾಗೆ! ಕಲ್ಲಿನ ಕೈಲೂ "ಹೌದಾ!" ಅನ್ನಿಸಿಬಿಡುವ ಆಸಾಮಿ.

ಈ ಸಲ ಅವನು ಶುರು ಮಾಡಿದ್ದು "ದ್ರೋಹಿಯ ಹಾದಿ". ಮುರಿದ ಕೋಟೆ ಬಾಗಿಲು ನಿಜ, ಮುತ್ತಿಗೆ ನಿಜ, ಯಾರೋ ಒಳಗಿನಿಂದ ಅಗುಳಿ ತೆಗೆದುಕೊಟ್ಟರೆಂಬ ಮಾತೂ ಹಳೆಯದೇ. ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಆದರೆ ಆಟಕ್ಕೆ ಕೊನೆಯ ಬಾಗಿಲೊಂದು ಬೇಕಲ್ಲ! ಇಂಥ ಕಡೆ ಸುಳಿವು ಬರೆಯುವವರು ಒಂದು ಕಟ್ಟುಕಥೆ ಸೇರಿಸಿ ಹಾದಿ ಮುಗಿಸುತ್ತಾರೆ. ತಮ್ಮತಮ್ಮಲ್ಲಿ ಅದಕ್ಕೆ "ತೇಪೆ" ಅನ್ನುತ್ತಾರೆ. ಕೆಂಪುಟೋಪಿ ಗಲ್ಲಿಯ ತುದಿಯಲ್ಲಿದ್ದ ನೀಲಿ ಬಾಗಿಲಿನ ಮನೆಗೆ ತೇಪೆ ಹಾಕಿದ. ಅಗುಳಿ ತೆಗೆದ ಕಾವಲುಗಾರ ಇಲ್ಲೇ ಇದ್ದ, ಅವನ ವಂಶದವರು ಇಂದಿಗೂ ಇಲ್ಲೇ ಇದ್ದಾರೆ ಎಂದು ಬರೆದ. ತಂಡದವರು ಆ ಬಾಗಿಲು ಬಡಿದು "ದ್ರೋಹಿ ಸಿಕ್ಕ!" ಎಂದು ಕೂಗಿ ಚಪ್ಪಾಳೆ ತಟ್ಟಿದರೆ ಆಟ ಮುಗಿದ ಹಾಗೆ. ಒಳಗೆ ಯಾರಿದ್ದಾರೆಂದು ಒಂದು ಸಲವಾದರೂ ಬಗ್ಗಿ ನೋಡಿದನೇ ಪುಣ್ಯಾತ್ಮ? ಇಲ್ಲ.

ಆಟ ಜನಕ್ಕೆ ಹಿಡಿಸಿಬಿಟ್ಟಿತು. ಒಂದು ದಿನ ಆಟ ಮುಗಿಸಿ ಬಂದ ಹೆಂಗಸೊಬ್ಬಳು ಅವನನ್ನು ಹುಡುಕಿಕೊಂಡು ಬಂದು ಹೊಗಳಿದಳು.

"ಕೊನೇಲಿ ಒಬ್ಬ ಅಜ್ಜೀನ ಇಟ್ಟಿದ್ದೀರಲ್ಲ, ಏನ್ ಆಕ್ಟಿಂಗ್ ಸಾರ್! ಕೈ ಮುಗಿದು ಕ್ಷಮೆ ಕೇಳ್ತಾರೆ. ನನಗಂತೂ ಕಣ್ಣಲ್ಲಿ ನೀರೇ ಬಂತು."

ಯಾವ ಅಜ್ಜಿ? ಅವನು ಯಾರನ್ನೂ ಇಟ್ಟಿರಲಿಲ್ಲ.

ಎದ್ದೆನೋ ಬಿದ್ದೆನೋ ಎಂದು ಓಡಿದ. ನೀಲಿ ಬಾಗಿಲು ತೆರೆದೇ ಇತ್ತು. ಒಳಗೆ ಕೊಡೆ ರಿಪೇರಿ ಮಾಡುವ ಅಜ್ಜಿ, ಅವಳ ಸುತ್ತ ಮುರಿದ ಕಡ್ಡಿ, ಕಪ್ಪು ಬಟ್ಟೆ. ಶಾಲೆಯಲ್ಲಿರಬೇಕಾದ ಹೊತ್ತಿನಲ್ಲಿ ಮೊಮ್ಮಗಳು ಮೂಲೆ ಹಿಡಿದು ಕೂತಿದ್ದಳು.

"ಬನ್ನಿ ಸಾರ್, ನೀವೇ ಅಲ್ವಾ ಆಟದವರು?" ಅಜ್ಜಿ ಎದ್ದು ಸ್ಟೂಲು ಒರೆಸಿದಳು. "ನಮ್ಮನೆಯವರ ತಾತ ಬೀದಿ ದೀಪ ಹಚ್ತಿದ್ರು ಅಂತಷ್ಟೇ ನಮಗೆ ಗೊತ್ತಿತ್ತು. ಅದೇ ದೊಡ್ಡಸ್ತಿಕೆ ಅಂದ್ಕೊಂಡಿದ್ವಿ. ಅವರ ಹಿಂದಿನೋರು ಇಂಥ ಕೆಲಸ ಮಾಡಿದ್ರು ಅಂತ ನೀವು ಹೇಳಿದ ಮೇಲೇ ತಿಳಿದಿದ್ದು. ಬಂದೋರಿಗೆಲ್ಲ ತಪ್ಪಾಯ್ತು ಅಂತ ಕೈ ಮುಗೀತೀನಿ. ಇನ್ನೇನ್ ಮಾಡ್ಲಿ?"

ಗೋಡೆಯ ಮೇಲಿದ್ದ ಹಳೇ ಫೋಟೋ ಒಂದನ್ನು ಮುಖ ಗೋಡೆಗೆ ತಿರುಗಿಸಿ ತೂಗುಹಾಕಿದ್ದರು. ದೀಪದ ತಾತನದು.

"ಇವಳಿಗೆ ಸ್ಕೂಲಲ್ಲಿ ದ್ರೋಹಿ ಮನೆ ಹುಡುಗಿ ಅಂತಾರಂತೆ. ಪಕ್ಕ ಯಾರೂ ಕೂರಲ್ವಂತೆ. ಇನ್ನು ಹೋಗೋದೇ ಇಲ್ಲ ಅಂತ ಹಟ ಹಿಡಿದು ಕೂತಿದಾಳೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಹುಟ್ಟಿದಾಗಿನಿಂದ ಇಷ್ಟು ನಾಚಿಕೆ ಅವನು ಪಟ್ಟಿರಲಿಲ್ಲ. ಅರಳು ಹುರಿಯುವ ಬಾಯಿ ತೊದಲಿತು.

"ಅಜ್ಜಿ, ಅದು... ಅದು ಸುಳ್ಳು. ಪೂರ್ತಿ ಸುಳ್ಳು. ಆಟಕ್ಕೆ ಅಂತ ನಾನೇ ಕಟ್ಟಿದ್ದು."

ಅಜ್ಜಿ ಅವನ ಕೈ ಹಿಡಿದುಕೊಂಡಳು. "ನಮ್ಮ ಸಮಾಧಾನಕ್ಕೆ ಹೇಳ್ತಿದ್ದೀರಿ. ನೀವು ಒಳ್ಳೇವ್ರು ಕಣಪ್ಪ."

ಬಾಯಿಗೆ ಬಂದ ಹಾಗೆ ಬೈದಿದ್ದರೆ, ಕೊಡೆ ಕಡ್ಡಿಯಲ್ಲೇ ನಾಲ್ಕು ಬಾರಿಸಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಇದನ್ನು ಹೇಗೆ ತಡೆದುಕೊಳ್ಳುವುದು?

ಅಷ್ಟರಲ್ಲಿ ಇನ್ನೊಂದು ತಂಡ ಬಂದು ಬಾಗಿಲು ಬಡಿಯಿತು. "ದ್ರೋಹಿ ಸಿಕ್ಕ!"

ಅವನು ಹೊಸ್ತಿಲಿಗೆ ಅಡ್ಡ ನಿಂತ. "ನಿಲ್ಲಿಸ್ರೀ! ಈ ಮನೇಲಿ ಯಾವ ದ್ರೋಹೀನೂ ಇರ್ಲಿಲ್ಲ. ಕಥೆ ಕಟ್ಟಿದ್ದು ನಾನು!"

ತಂಡದವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ ಶಿಳ್ಳೆ ಹೊಡೆದ. "ಸೂಪರ್ ಟ್ವಿಸ್ಟ್ ಗುರು!" ಚಪ್ಪಾಳೆಯೋ ಚಪ್ಪಾಳೆ. ಅವನನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ಹೊಡೆದುಕೊಂಡು ಹೋದರು.

ಮೂಲೆಯಿಂದ ಮೊಮ್ಮಗಳು ಮೊದಲ ಸಲ ಬಾಯಿ ತೆರೆದಳು. "ಇಲ್ಲಿ ನೀವೇನ್ ಹೇಳಿದ್ರೂ ಆಟ ಅಂತಾನೇ ಅಂದ್ಕೋತಾರೆ. ನಮ್ಮ ಕ್ಲಾಸಿಗೆ ಬಂದು ಹೇಳ್ತೀರಾ?"

"ಬರ್ತೀನಮ್ಮ" ಅಂದುಬಿಟ್ಟ.

ಮಾರನೆಯ ದಿನ ಆಟ ರದ್ದು ಮಾಡಿದ. ಟೋಪಿಯನ್ನು ಮನೆಯಲ್ಲೇ ಬಿಟ್ಟು, ಬೋಳು ತಲೆಯಲ್ಲಿ ಹುಡುಗಿಯ ಹಿಂದೆ ಹಿಂದೆ ಶಾಲೆಗೆ ಹೋದ. ತರಗತಿಯ ಬಾಗಿಲಲ್ಲಿ ಟೀಚರು "ನೀವು ಇವಳಿಗೆ ಏನಾಗಬೇಕು?" ಎಂದರು. ಏನಾಗಬೇಕು ಅವನು? ಮಕ್ಕಳಿಗೆ ಎರಡು ಮಾತು ಹೇಳಬೇಕಿತ್ತು ಎಂದಷ್ಟೇ ಅಂದ.

ಬೋರ್ಡಿನ ಮುಂದೆ ನಿಂತು ಎಲ್ಲ ಹೇಳಿದ. ಆ ಮನೆಯಲ್ಲಿದ್ದವರು ಬೀದಿಗೆ ದೀಪ ಹಚ್ಚಿದವರು, ಉಳಿದದ್ದೆಲ್ಲ ತಾನು ಹೊಸೆದದ್ದು ಎಂದ. ಬಣ್ಣ ಕಟ್ಟಲಿಲ್ಲ, ಕೈ ಆಡಿಸಲಿಲ್ಲ. ಮಕ್ಕಳು ಪಿಳಿಪಿಳಿ ನೋಡಿದರು.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. "ಹಾಗಾದ್ರೆ ದ್ರೋಹಿ ಯಾರು ಸಾರ್?"

ಗೊತ್ತಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಒಬ್ಬಳೇ ಕೂತ ಹುಡುಗಿ ಅವನನ್ನೇ ನೋಡುತ್ತಿದ್ದಳು.

"ಕೋಟೆ ಬಾಗಿಲು ತೆಗೆದೋನು ಯಾರೋ ಗೊತ್ತಿಲ್ಲ ಮರಿ. ಇವರ ಮನೆಗೆ ದ್ರೋಹ ಮಾಡಿದೋನು ನಾನು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಶ್ನೆ ಕೇಳಿದವನೇ ಚೀಲ ಎತ್ತಿಕೊಂಡು ಬಂದು ಹುಡುಗಿಯ ಪಕ್ಕ ಕೂತ. ಅದನ್ನು ನೋಡಲೂ ಕೆಂಪುಟೋಪಿಗೆ ತಲೆ ಎತ್ತಲಾಗಲಿಲ್ಲ.